ವಾರ್ಮರಿನ ಬಾಯಿ

ಟರ್ರ್, ಟರ್, ಟರ್ರ್ — ಬಸ್ಸಿನ ಕಿಟಕಿಯ ಗಾಜು ಹೀಗೆ ಬಿಟ್ಟು ಬಿಟ್ಟು ಅದುರುವುದೆಂದರೆ ಕೆಳಗಿನ ಸ್ಕ್ರೂ ಮಾತ್ರ ಸಡಿಲ, ಮೇಲಿನದೂ ಹೋಗಿದ್ದರೆ ಒಂದೇ ಸಮ ಬಡಿದುಕೊಳ್ಳುತ್ತಿತ್ತು, ಚಾಮರಾಜನಗರ ಬಿಟ್ಟಾಗಿನಿಂದ ಗುರುಮಲ್ಲಯ್ಯ ಅದನ್ನೇ ಕೇಳಿಸಿಕೊಳ್ಳುತ್ತಿದ್ದಾನೆ, ಸ್ಕ್ರೂ ತಾನಾಗಿ ಸಡಿಲವಾಗುವ ಪ್ರಾಣಿಯಲ್ಲ, ಇಪ್ಪತ್ತೇಳು ವರ್ಷ ಆಸ್ಪತ್ರೆಯ ಯಂತ್ರಗಳ ಹೊಟ್ಟೆ ಬಿಚ್ಚಿ ಮುಚ್ಚಿದವನಿಗೆ ಇಷ್ಟೂ ಗೊತ್ತಿಲ್ಲವೇ, ಪ್ರತಿ ಸಡಿಲ ಸ್ಕ್ರೂವಿನ ಹಿಂದೆ ಯಾವನದೋ ಒಂದು ಕೈ ಇರುತ್ತದೆ, ಆ ಕೈ ಯಾರದು ಅಂತ ಹುಡುಕಬೇಕು ಅಷ್ಟೆ, ಮುಂದಿನ ಸೀಟಿನ ಅರಿಶಿನದ ಚೀಲದವನು ಎರಡು ಸಲ ತಿರುಗಿ ನೋಡಿದ, ಯಾಕೆ ನೋಡಿದ, ಕಿಟಕಿ ನೋಡಿದನೋ ತನ್ನನ್ನು ನೋಡಿದನೋ, ತೊಡೆಯ ಮೇಲಿನ ಟೂಲ್ ಬ್ಯಾಗಿನ ಮೇಲೆ ಆಸ್ಪತ್ರೆ ನಡೆಸುವ ಟ್ರಸ್ಟಿನ ಹೆಸರಿದೆ, ಸುದ್ದಿ ಅಷ್ಟು ಬೇಗ ಹರಡಿತೇ, ಬ್ಯಾಗನ್ನು ಮಗುಚಿ ಹಾಕಿದ, ಹೆಸರು ತೊಡೆಗೆ ಅಂಟಿಕೊಂಡಿತು — ಸೀನಿಯರ್ ಟೆಕ್ನಿಷಿಯನ್, ಬಯೋಮೆಡಿಕಲ್, ಬಯೋನೂ ಇಲ್ಲ ಗಿಯೋನೂ ಇಲ್ಲ ಕಣಮ್ಮಿ, ಬಯ್ಯೋ ಮೆಡಿಕಲ್ಲು, ಮಿಷನ್ ಕೆಟ್ರೂ ಬಯ್ತರೆ ರಿಪೇರಿಯಾದ್ರೂ ಇಷ್ಟೊತ್ ಬೇಕಿತ್ತಾ ಅಂತ ಬಯ್ತರೆ, ಮದುವೆಯಾದ ಹೊಸತರಲ್ಲಿ ನಾಗರತ್ನನಿಗೆ ಹೀಗೆ ಹೇಳಿದಾಗ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು, ಈವತ್ತು ಬೆಳಿಗ್ಗೆ ನಗಲಿಲ್ಲ, ಯಾಕ್ರೀ ಮೊಕ ಇಂಗಾಗದೆ, ಕೂಸು ಉಸಾರಾಯ್ತಲ್ಲ ಅಂದಳು, ಅಂದವಳು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕದೆ ಅವನ ಮುಖವನ್ನೇ ನೋಡುತ್ತ ನಿಂತಳು, ಇಪ್ಪತ್ತನಾಲ್ಕು ವರ್ಷ ರೊಟ್ಟಿ ಹಾಕಿದವಳಿಗೂ ಅನುಮಾನ.

ಕೂಸು ಹುಷಾರಾಯಿತು, ಹೌದು, ಅದಕ್ಕೆ ಮಾದಪ್ಪನಿಗೆ ಕೈ ಮುಗಿಯಬೇಕು, ನೆನ್ನೆ ಮಧ್ಯಾಹ್ನ ಮೂರು ಗಂಟೆಗೆ ಗುಂಡ್ಲುಪೇಟೆಯ ಬ್ರಾಂಚಿನಲ್ಲಿ ವಾರ್ಮರಿನ ಮೇಲೆ ಮಲಗಿಸಿದ್ದ ಮೂರು ದಿನದ ಕೂಸು, ತೂಕ ಕಡಿಮೆ ಅಂತ ಬೆಚ್ಚಗಿಡಲು ಮಲಗಿಸಿದ್ದು, ಬೆಚ್ಚಗಾಗುವ ಬದಲು ಕಾದು ಕೆಂಡವಾಗಿತ್ತು, ಪಕ್ಕದ ಕೋಣೆಯಲ್ಲಿ ಹೆರಿಗೆ ಮಾಡಿಸಿ ಬಂದ ನರ್ಸ್ ಶಾಂತಿ ಮುಟ್ಟಿ ಕಿರುಚಿಕೊಂಡಳಂತೆ, ನೂರನಾಲ್ಕು ಡಿಗ್ರಿ ಜ್ವರ, ಆಂಬುಲೆನ್ಸಿನಲ್ಲಿ ಚಾಮರಾಜನಗರದ ದೊಡ್ಡ ಆಸ್ಪತ್ರೆಗೆ ತಂದರು, ಬೆಳಗಿನ ಹೊತ್ತಿಗೆ ಜ್ವರ ಇಳಿದು ಮೊಲೆ ಚೀಪಿತು, ಇನ್ನು ಉಳಿದಿರುವುದು ಒಂದೇ ಪ್ರಶ್ನೆ, ಅಲಾರಂ ಯಾಕೆ ಕೂಗಲಿಲ್ಲ, ಶಾಂತಿ ಕೂಗಲೇ ಇಲ್ಲ ಅನ್ನುತ್ತಾಳೆ, ಟ್ರಸ್ಟಿನವರು ಕೂಗಿದೆ, ನೀನು ಫೋನಿನಲ್ಲಿದ್ದೆ ಅನ್ನುತ್ತಾರೆ, ಈವತ್ತು ಹನ್ನೊಂದು ಗಂಟೆಗೆ ಟ್ರಸ್ಟಿನ ಡಾಕ್ಟರ್ ಮಂಗಳಗೌರಿ ಕಾರಿನಲ್ಲಿ ಬಂದು ಎಲ್ಲರೆದುರಿಗೆ ಮಿಷನ್ ಪರೀಕ್ಷೆ ಮಾಡಿಸುತ್ತಾರೆ, ಅಲಾರಂ ಕೂಗಿದರೆ ಶಾಂತಿ ಮನೆಗೆ, ಕೂಗದಿದ್ದರೆ — ಗುರುಮಲ್ಲಯ್ಯನವರೇ, ನೀವು ಸ್ವಲ್ಪ ಮೊದಲೇ ಹೋಗಿರ್ತೀರಾ, ಮೂಗಿನಿಂದ ಹೊರಡುವ ಡಾಕ್ಟರ ಆ ದನಿ ಅವನ ಗಂಟಲಲ್ಲಿ ತಾನಾಗಿ ಹೊರಟಿತು, ಆಯುಧಪೂಜೆಯ ದಿನ ಮಿಷನ್‌ಗಳಿಗೆಲ್ಲ ವಿಭೂತಿ ಹಚ್ಚಿದ ಮೇಲೆ ಸ್ಟಾಫಿನವರು ಸುತ್ತ ಕೂತು ಮಿಮಿಕ್ರಿ ಮಾಡಿ ಸಾರ್ ಮಾಡಿ ಅನ್ನುತ್ತಾರೆ, ಅವನು ಮಂಗಳಗೌರಿಯವರನ್ನು ಮಾಡುತ್ತಾನೆ, ವೆಂಟಿಲೇಟರನ್ನು ಮಾಡುತ್ತಾನೆ, ಟಿಣ್ ಟಿಣ್ ಟಿಟಿಣ್, ಸಿರಿಂಜ್ ಪಂಪನ್ನು ಮಾಡುತ್ತಾನೆ, ಕೀಂ, ಕೀಂ, ವಾರ್ಮರನ್ನು ಮಾಡುತ್ತಾನೆ — ವಾರ್ಮರ್ ಬೇಡ, ಈಗ ವಾರ್ಮರ್ ಬೇಡ. ಸ್ವಲ್ಪ ಮೊದಲೇ ಹೋಗಿ ಅಂದರೆ ಏನರ್ಥ, ನೋಡಿ ಅಂತಲೋ, ಸರಿಮಾಡಿಬಿಡಿ ಅಂತಲೋ, ಆಕೆಗೆ ಏನಾದರೂ ಗೊತ್ತಿದೆಯೋ, ನೆನಪಿದೆಯೋ, ಆಷಾಢದಲ್ಲಿ ಆಡಿದ ಮಾತು.

ತೆರಕಣಾಂಬಿ, ಇಳಿಯೋರ್ ಇಳೀರಿ, ಅರಿಶಿನದವನು ಇಳಿದ, ಇಳಿದು ಮತ್ತೊಮ್ಮೆ ನೋಡಿದ, ಇರಲಿ, ಮೊದಲು ಮಾದೇಶನ ಲೆಕ್ಕ ನೋಡಬೇಕು, ಕಂಪನಿಯ ಕಡೆಯಿಂದ ಬರುವ ಎಂಜಿನಿಯರು, ಇಸ್ತ್ರಿ ಅಂಗಿ, ಕುತ್ತಿಗೆಗೆ ದಾರದಲ್ಲಿ ಕಾರ್ಡು, ಹೋದ ತಿಂಗಳು ವಾರ್ಮರಿಗೆ ಹೊಸ ಪವರ್ ಬೋರ್ಡ್ ಹಾಕಿದವನು ಅವನೇ, ಹೊಸದೋ ಹಳೆಯದನ್ನೇ ತೊಳೆದು ತಂದನೋ ಯಾರಿಗೆ ಗೊತ್ತು, ಬೋರ್ಡ್ ಹಾಕಿದ ಮೇಲೆ ಅಲಾರಂ ಟೆಸ್ಟ್ ಮಾಡಬೇಕು, ಮಾಡಿದನೇ, ಮಾಡಿದ್ದರೆ ಕೇಳಿರಬೇಕಲ್ಲ, ಕೇಳದಿದ್ದರೆ ನೋಡಿರಬೇಕಲ್ಲ, ನೋಡಿದ್ದರೆ ಬೆಳಿಗ್ಗೆ ಫೋನಿನಲ್ಲಿ ಯಾಕೆ ಹಾಗೆ ನಕ್ಕ, ನಾ ಬೋರ್ಡ್ ಮಾತ್ರ ಮುಟ್ಟಿರದು ಸಾರ್, ಮಿಕ್ಕಿದ್ದು ಯಾರ್ ಮುಟ್ಟವ್ರೋ ನಂಗೊತ್ತಿಲ್ಲ ಅಂದು ನಕ್ಕ, ಯಾರ್ ಮುಟ್ಟವ್ರೋ ಅನ್ನುವಾಗ ಒಂದು ಚಿಟಿಕೆ ಹೆಚ್ಚು ಎಳೆದ, ಇವನನ್ನು ಬಿಡಬಾರದು, ಆಮೇಲೆ ಆ ಅಜ್ಜಿ, ಬೇಗೂರಿನ ದೊಡ್ಡಮಾದಮ್ಮ, ಕೂಸಿನ ತಾಯಿಯ ತಾಯಿ, ಬೆಳಿಗ್ಗೆ ದೊಡ್ಡ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಕುಟ್ಟುತ್ತಿದ್ದಳು, ಏನಜ್ಜಿ ಮಾಡಿದ್ರಿ ಕೂಸಿಗೆ ಅಂತ ಪೊಲೀಸಿನ ದನಿ ಹಾಕಿ ಕೇಳಿದ, ಆ ದನಿಯೂ ಅವನಿಗೆ ಬರುತ್ತದೆ, ಮುದುಕಿ ಹೆದರಲಿಲ್ಲ, ಹೊಟ್ಟೆ ಉಬ್ರುಸ್ಕಂಡಿತ್ತು ಕಣಪ್ಪ, ಒಸಿ ಅಳ್ಳೆಣ್ಣೆ ಬಿಸಿ ಮಾಡಿ ಸವರ್ದಿ, ನಿಮ್ಮವ್ವ ನಿಂಗೆ ಸವರ್ಲಿಲ್ವಾ, ಸವರಿದ್ದಳು, ನಮ್ಮ ಕಡೆ ಹರಳೆಣ್ಣೆ ಕಾಣದ ಹೊಟ್ಟೆ ಯಾವುದು, ಆದರೆ ಅವನ ಹೊಟ್ಟೆಗೆ ತಂತಿ ಇರಲಿಲ್ಲ, ಇಲ್ಲಿ ಹೊಟ್ಟೆಯ ಮೇಲೆ ಬಿಲ್ಲೆಯಂಥದ್ದೊಂದು ಅಂಟಿಸಿರುತ್ತಾರೆ, ಅದು ಮೈಯ ಶಾಖ ನೋಡಿ ಮಿಷನ್ನಿಗೆ ಹೇಳುತ್ತದೆ, ಎಣ್ಣೆಗೆ ಬಿಲ್ಲೆ ಜಾರಿತು, ಪಕ್ಕಕ್ಕೆ ಬಿದ್ದು ಗಾಳಿಯ ಶಾಖ ಹೇಳತೊಡಗಿತು, ಕೂಸು ತಣ್ಣಗಿದೆ ಅಂದುಕೊಂಡ ಮಿಷನ್ನು ಉರಿ ಹೆಚ್ಚಿಸಿತು, ಹೆಚ್ಚಿಸುತ್ತಲೇ ಹೋಯಿತು, ತಪ್ಪು ಅಜ್ಜಿಯದು, ಸಿಕ್ಕಿತಲ್ಲ ಕೈ, ಎಣ್ಣೆ ಕೈ, ಗುರುಮಲ್ಲಯ್ಯ ಒಂದು ಗಳಿಗೆ ನೆಟ್ಟಗೆ ಕೂತ — ಆದರೆ ಬಿಲ್ಲೆ ಜಾರುವುದು ಹೊಸದಲ್ಲ, ಆಗೊಮ್ಮೆ ಈಗೊಮ್ಮೆ ಜಾರುತ್ತದೆ, ಜಾರಿದಾಗ ಕೂಗಲೆಂದೇ ಅಲಾರಂ ಇರುವುದು, ಕೂಗಿದರೆ ಶಾಂತಿ ಓಡಿ ಬರುತ್ತಾಳೆ, ಮತ್ತೆ ಅಂಟಿಸುತ್ತಾಳೆ, ಕೂಗಬೇಕು ಅಷ್ಟೆ, ಮತ್ತೆ ಅಲ್ಲಿಗೇ ಬಂತು, ಯಾವ ದಾರಿ ಹಿಡಿದರೂ ಈ ಬುದ್ಧಿ ಅಲ್ಲಿಗೇ ಬಂದು ನಿಲ್ಲುತ್ತದೆ, ಒಂದು ಹೆಬ್ಬೆರಳು, ಬಿಳಿ ಪ್ಲಾಸ್ಟರಿನ ಮೇಲೆ ಒತ್ತುತ್ತಿರುವ ಹೆಬ್ಬೆರಳು.

ಆಷಾಢ, ಗಾಳಿ ಎದ್ದರೆ ಗುಂಡ್ಲುಪೇಟೆಯಲ್ಲಿ ಕರೆಂಟು ಕಣ್ಣು ಮಿಟುಕಿಸುತ್ತದೆ, ಪವರ್ ಬೋರ್ಡ್ ದುರ್ಬಲವಾಗಿತ್ತು, ಕರೆಂಟು ಮಿಟುಕಿದಾಗಲೆಲ್ಲ ವಾರ್ಮರ್ ಸುಮ್ಮಸುಮ್ಮನೆ ಕೂಗುತ್ತಿತ್ತು, ಕುಯ್ಯೋಂ ಕುಯ್ಯೋಂ ಕುಯ್ಯೋಂ, ದಿನಕ್ಕೆ ಮೂವತ್ತು ಸಲ, ಬಾಣಂತಿಯರು ಬೆಚ್ಚಿ ಎದ್ದು ಕೂರುತ್ತಿದ್ದರು, ರೌಂಡ್ಸಿಗೆ ಬಂದ ಮಂಗಳಗೌರಿಯವರು ಏನ್ರೀ ಇದು, ಆಸ್ಪತ್ರೆನೋ ದನದ ಸಂತೆನೋ, ಏನಾದ್ರೂ ಮಾಡಿ ಇದರ ಬಾಯಿ ಮುಚ್ಚಿಸಿ ಅಂದರು, ಮಾಡಿದ, ಹೊಸ ಬೋರ್ಡ್ ಬರುವುದಕ್ಕೆ ಎರಡು ದಿನ, ಎರಡೇ ದಿನ, ಮುಂದಿನ ಮುಖದ ಒಳಗೆ ಐದು ರೂಪಾಯಿ ಬಿಲ್ಲೆಯಷ್ಟಗಲದ ಸ್ಪೀಕರು, ಅದರ ಬಾಯಿಗೆ ಹತ್ತಿ, ಹತ್ತಿಯ ಮೇಲೆ ಬಿಳಿ ಪ್ಲಾಸ್ಟರು, ಪ್ಲಾಸ್ಟರಿನ ಮೇಲೆ ಹೆಬ್ಬೆರಳು, ಊಂ, ಒತ್ತು, ಇನ್ನೊಂಚೂರು, ಕುಯ್ಯೋಂ ಹೋಗಿ ಙುಂಯ್ ಆಯಿತು, ಸೊಳ್ಳೆ, ಪಕ್ಕದಲ್ಲಿ ನಿಂತವರಿಗೆ ಕೇಳಬೇಕು ಪಕ್ಕದ ಕೋಣೆಗೆ ಕೇಳಬಾರದು, ಯಾರಿಗೂ ಹೇಳಲಿಲ್ಲ, ಎರಡು ದಿನಕ್ಕೆ ಹೇಳುವುದೇನು, ಬೋರ್ಡ್ ಎರಡು ದಿನಕ್ಕೆ ಬರಲಿಲ್ಲ, ಹನ್ನೆರಡು ದಿನವಾಯಿತು, ಬಂದಾಗ ಗುರುಮಲ್ಲಯ್ಯ ಚಾಮರಾಜನಗರದಲ್ಲಿ ಎಕ್ಸ್‌ರೇ ಮಿಷನ್ನಿನ ಹೊಟ್ಟೆಯೊಳಗಿದ್ದ, ಮಾದೇಶ ಹೋಗಿ ಹಾಕಿದ, ಪ್ಲಾಸ್ಟರು ಮರೆತೇಹೋಯಿತು, ಬೋರ್ಡ್ ಇರುವುದು ಕೆಳಗೆ ಹಿಂದುಗಡೆ, ಸ್ಪೀಕರು ಇರುವುದು ಮೇಲೆ ಮುಂದುಗಡೆ, ಅವನು ಪಕ್ಕದಲ್ಲಿ ನಿಂತು ಟೆಸ್ಟ್ ಮಾಡಿರಬೇಕು, ಸೊಳ್ಳೆ ಕೂಗಿರಬೇಕು, ಈ ಮಿಷನ್ ಇಷ್ಟೇ ಅಂದುಕೊಂಡಿರಬೇಕು, ಅವನು ನೋಡಿಲ್ಲ, ನೋಡಿದ್ದರೆ ಹೇಳುತ್ತಿದ್ದ, ಅಥವಾ ನೋಡಿ ಇಟ್ಟುಕೊಂಡಿದ್ದಾನೆ, ಬೇಕಾದಾಗ ತೆಗೆಯಲು, ಇಸ್ತ್ರಿ ಅಂಗಿಯವರ ಜೇಬಿನಲ್ಲಿ ಏನೇನಿರುತ್ತದೋ.

ಗುಂಡ್ಲುಪೇಟೆ ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಐದು ನಿಮಿಷ, ಅವನು ಹನ್ನೆರಡು ನಿಮಿಷ ನಡೆದ, ಗೇಟಿನ ವಾಚ್‌ಮನ್ ನಮಸ್ಕಾರ ಹಾಕಿದ್ದು ಯಾವತ್ತಿಗಿಂತ ಸಣ್ಣದು, ಒಳಗೆ ಮಾದೇಶ ಆಗಲೇ ಬಂದು ಕುರ್ಚಿಯ ಮೇಲೆ ಕಾಲಾಡಿಸುತ್ತ ಕೂತಿದ್ದಾನೆ, ಬನ್ನಿ ಸಾರ್, ಡಾಕ್ಟ್ರು ಬರಗಂಟ ಮುಟ್ಬ್ಯಾಡ ಅಂದವ್ರೆ ನಂಗೆ, ನೀವ್ ಮುಟ್ಬೋದಂತೆ, ಸೀನಿಯರ್ರು, ಮತ್ತೆ ಅದೇ ನಗು, ಶಾಂತಿ ಸ್ಟೀಲ್ ಲೋಟದಲ್ಲಿ ಟೀ ತಂದಳು, ಕಣ್ಣು ಊದಿಕೊಂಡಿದೆ, ಇಲ್ಲೇ ಗುಂಡ್ಲುಪೇಟೆ ಪಕ್ಕದ ಮದ್ದೂರಿನ ಕಾಡಂಚಿನವಳು, ಆನೆ ಬಂದರೂ ಅಳುವವಳಲ್ಲ, ಲೋಟ ಅವನ ಕೈಗಿಟ್ಟಳು, ಅಣ್ಣ, ನನ್ ಫೋನು ಬೀರುವಿನಲ್ಲಿತ್ತು, ಯಾರೂ ನಂಬಲ್ರು, ಹೆರಿಗೆ ಕೋಣೆ ಬಾಗ್ಲು ತೆಗ್ದೇ ಇಟ್ಟಿದ್ದೆ, ಇದು ಕೂಗುದ್ರೆ ಕೇಳ್ಲಿ ಅಂತ್ಲೇ ತೆಗ್ದಿಟ್ಟಿದ್ದೆ, ಕೂಗ್ಲಿಲ್ಲ ಅಣ್ಣ, ನೀವ್ ಬಂದ್ರಲ್ಲ, ನೀವ್ ನೋಡುದ್ರೆ ಗೊತ್ತಾಯ್ತದೆ ಬುಡಿ — ಇವಳ ಮಾತಿನಲ್ಲಿ ಎಲ್ಲೋ ಕೊಕ್ಕೆ ಇರಬೇಕು ಅಂತ ಅವನು ಹುಡುಕಿದ, ನೀವ್ ನೋಡುದ್ರೆ ಅಂದಳಲ್ಲ, ಯಾಕೆ ಅಂದಳು, ಬೆಳಿಗ್ಗೆಯಿಂದ ಎಲ್ಲರ ಮಾತನ್ನೂ ಬಿಚ್ಚಿ ನೋಡಿದ ಹಾಗೆ ಇದನ್ನೂ ಬಿಚ್ಚಿದ, ಒಳಗೆ ಏನೂ ಇರಲಿಲ್ಲ, ಬರೀ ನಂಬಿಕೆ ಇತ್ತು, ಲೋಟವನ್ನು ಮೇಜಿನ ಮೇಲಿಟ್ಟ, ಒಂದೈದು ನಿಮಿಷ ಇಬ್ಬರೂ ಹೊರಗಿರಿ ಅಂದ, ಮಾದೇಶ ಹುಬ್ಬು ಹಾರಿಸಿದ, ಹೋದ, ಶಾಂತಿ ಬಾಗಿಲನ್ನು ಮೆತ್ತಗೆ ಎಳೆದುಕೊಂಡು ಹೋದಳು.

ನಾಲ್ಕು ಸ್ಕ್ರೂ, ಒಂದು, ಎರಡು, ಕೂಸು ಹುಷಾರಾಯಿತಲ್ಲ, ಯಾರಿಗೂ ಏನೂ ಆಗಲಿಲ್ಲ, ಮೂರು, ಎಂಟು ವರ್ಷ ಸರ್ವೀಸಿದೆ ಇನ್ನೂ, ಶಾಂತಿ ಚಿಕ್ಕವಳು, ಇನ್ನೆಲ್ಲಾದರೂ ಸಿಗುತ್ತದೆ ಕೆಲಸ, ಸಿಗುತ್ತದೆಯೇ, ಕೂಸನ್ನು ಬೇಯಿಸಿದ ನರ್ಸು ಅಂತ ಹೆಸರು ಬಿದ್ದವಳಿಗೆ, ನಾಲ್ಕು, ಮುಖ ಕಳಚಿತು, ಅಲ್ಲೇ ಇದೆ, ಬಿಳಿ ಹೋಗಿ ಸ್ವಲ್ಪ ಹಳದಿ, ಅಂಚಿನಲ್ಲಿ ಧೂಳಿನ ಗೆರೆ, ನಡುವೆ ಒತ್ತಿದ ಹೆಬ್ಬೆರಳಿನ ಸುಳಿ ಸುಳಿ ಗುರುತು, ಬೆಳಿಗ್ಗೆಯಿಂದ ಹುಡುಕುತ್ತಿದ್ದ ಕೈ, ಉಗುರಿನಿಂದ ಎಬ್ಬಿಸಿದ, ಪರ್ ಅಂತ ಬಂತು, ಹತ್ತಿ ಕೆಳಗೆ ಬಿತ್ತು, ಹತ್ತಿಯನ್ನು ಹೆಕ್ಕಿ ಜೇಬಿಗೆ ಹಾಕಿದ, ಮುಖ ಮುಚ್ಚಿದ, ಟೆಸ್ಟ್ ಗುಂಡಿ ಒತ್ತಿದ, ಕುಯ್ಯೋಂ ಕುಯ್ಯೋಂ ಕುಯ್ಯೋಂ, ಎಷ್ಟು ದಿನದಿಂದ ಬಾಯಿ ಕಟ್ಟಿಸಿಕೊಂಡಿದ್ದ ಪ್ರಾಣಿಯೋ ಏನೋ, ಇಡೀ ವಾರ್ಡು ಅದುರಿತು, ಬಾಗಿಲು ದಡಾರನೆ ತೆರೆಯಿತು, ಶಾಂತಿ ಓಡಿ ಬಂದಳು, ಕೂಸಿಲ್ಲದ ವಾರ್ಮರಿನ ಕಡೆಗೇ ಎರಡೂ ಕೈ ಚಾಚಿ ಓಡಿ ಬಂದಳು, ಕಾಲು ತಾನಾಗಿ ಓಡಿತು, ಕೂಗಿದ್ದರೆ ನೆನ್ನೆಯೂ ಹೀಗೇ ಓಡಿ ಬರುತ್ತಿದ್ದಳು, ಇದೇ ಅಣ್ಣ, ಇದೇ ಕೂಗು, ನೆನ್ನೆ ಇದು ಬರ್ಲಿಲ್ಲ, ಈಗೆಂಗ್ ಬಂತು, ಅವನು ಗುಂಡಿ ಬಿಟ್ಟ, ಆಮೇಲೆ ತಿಳಿಯಿತು, ಇನ್ನು ಈ ಮಿಷನ್ನು ಯಾರು ಕೇಳಿದರೂ ಹೀಗೇ ಕೂಗುತ್ತದೆ, ಕೂಗಿದಷ್ಟೂ ಇವಳು ಸುಳ್ಳಿಯಾಗುತ್ತಾಳೆ, ಯಂತ್ರ ಸುಳ್ಳು ಹೇಳುವುದಿಲ್ಲ ಅಂತ ತಾನೇ ಎಷ್ಟು ಸಲ ಹೇಳಿಲ್ಲ.

ಕಾರಿನ ಬಾಗಿಲು, ಚಪ್ಪಲಿ ಸದ್ದು, ಮೂಗಿನ ದನಿ ಮೊದಲು ಬಂತು ಆಮೇಲೆ ಮಂಗಳಗೌರಿ ಬಂದರು, ಗೇಟಿಗೇ ಕೇಳಿಸ್ತಲ್ರೀ, ಅಲಾರಂ ಚೆನ್ನಾಗೇ ಇದೆಯಲ್ಲ, ಏನಮ್ಮ ಶಾಂತಿ, ಈಗೇನು ಹೇಳ್ತೀಯ, ಮಾದೇಶ ಬಾಗಿಲಿಗೆ ಒರಗಿ ನಗದೆ ನಿಂತಿದ್ದಾನೆ, ಶಾಂತಿ ಡಾಕ್ಟರನ್ನು ನೋಡುತ್ತಿಲ್ಲ, ಮಿಷನ್ನನ್ನೂ ನೋಡುತ್ತಿಲ್ಲ, ಅವನ ಬಲಗೈ ನೋಡುತ್ತಿದ್ದಾಳೆ, ಪ್ಲಾಸ್ಟರ್ ಅಂಟಿಕೊಂಡಿದೆ ಹೆಬ್ಬೆರಳಿಗೆ, ಬೆನ್ನ ಹಿಂದೆ ಒಯ್ದು ತೋರುಬೆರಳಿನಿಂದ ಉಜ್ಜಿದ, ತೋರುಬೆರಳಿಗೆ ಹೋಯಿತು, ಅಲ್ಲಿಂದ ಉಜ್ಜಿದ, ಮತ್ತೆ ಹೆಬ್ಬೆರಳಿಗೆ ಬಂತು, ಎರಡು ತಿಂಗಳು ಹಿಡಿದ ಅಂಟು, ಯಾರ ದನಿ ತೆಗೆಯಬೇಕು ಈಗ, ಪೊಲೀಸಿನದು ಬೇಡ, ಡಾಕ್ಟರದು ಬೇಡ, ಮಿಷನ್ನಿನದು ಬೇಡ, ಗಂಟಲಲ್ಲಿ ತನ್ನದು ಅನ್ನುವುದು ಯಾವುದು, ಏನ್ರೀ ಗುರುಮಲ್ಲಯ್ಯ, ಬೆರಳು ಕುಯ್ದುಕೊಂಡ್ರಾ, ಎಷ್ಟು ಸುಲಭವಾಗಿ ನೆಪ ಕೊಟ್ಟರು ಡಾಕ್ಟರು, ಹೌದು ಅಂದರೆ ಸಾಕು, ಹೌದು ಮೇಡಂ, ಸ್ಕ್ರೂಡ್ರೈವರ್ ಜಾರ್ತು — ಇಲ್ಲ, ಅಂದ, ಸೊಳ್ಳೆಯಷ್ಟು ದನಿ, ಇಲ್ಲ ಮೇಡಂ, ಕೈಯನ್ನು ಮುಂದಕ್ಕೆ ತಂದ, ಎಲ್ಲರೂ ನೋಡಿದರು, ಹೆಬ್ಬೆರಳು, ಪ್ಲಾಸ್ಟರು, ರಕ್ತವಿಲ್ಲ, ಗಾಯವಿಲ್ಲ, ಧೂಳಿನ ಗೆರೆ, ಪ್ಲಾಸ್ಟರು.