ಮೂವತ್ತೆಂಟನೇ ಅಧ್ಯಾಯ ಕೇಳಿದವರು

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಆ ಗ್ರಂಥಾಲಯದಲ್ಲಿ ಎಲ್ಲರೂ ಅವಳನ್ನು ಓದುವಕ್ಕ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷಗಳಿಂದ ಅವಳು ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ, ದನಿ ಮಾರ್ದನಿಸದಂತೆ ಗೋಡೆಗೆ ಹಳೆಯ ಕಂಬಳಿಗಳನ್ನು ಬಡಿದು, ಸದ್ದಾಗುತ್ತದೆಂದು ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತ ಓದುತ್ತಿದ್ದಳು. ಓದಿದ್ದು ಗ್ರಂಥಾಲಯದ ವೆಬ್‌ಸೈಟಿಗೆ ಹೋಗುತ್ತಿತ್ತು. ಅಲ್ಲಿಂದಾಚೆ ಯಾರ ಕಿವಿ ತಲುಪುತ್ತಿತ್ತೋ, ಅವಳಿಗೆ ತಿಳಿಯದು.

ಒಂದು ಸೋಮವಾರ ಕಾರ್ಯದರ್ಶಿ ಅವಳನ್ನು ಕರೆದು ಕೂರಿಸಿದರು. "ನೋಡೀಮ್ಮಾ, ನಿಮ್ಮ ಮೇಲೆ ನನಗೇನೂ ಕೋಪ ಇಲ್ಲ. ಆದ್ರೆ ಹೋದ ತಿಂಗಳು ನಮ್ಮ ಧ್ವನಿಪುಸ್ತಕದ ಪುಟಕ್ಕೆ ಬಂದೋರು ಬರೀ ಹದಿನಾಲ್ಕು ಜನ. ಅದರಲ್ಲಿ ನಾನೂ ಒಬ್ಬ, ನೀವೂ ಒಬ್ರು. ಶುಕ್ರವಾರ ಸಮಿತಿ ಸೇರತ್ತೆ. ಆ ಕೋಣೇಲಿ ಜೆರಾಕ್ಸ್ ಮಿಷನ್ ಇಡೋಣ ಅಂತಿದೀವಿ. ಅಲ್ಲೀವರೆಗೂ ಓದೋದು ನಿಲ್ಲಿಸಿ."

ಹಡಗಿನ ಕ್ಯಾಪ್ಟನ್ ಒಬ್ಬನ ಕುರಿತ ದೊಡ್ಡ ಕಾದಂಬರಿ ಅರ್ಧಕ್ಕೆ ಬಂದಿತ್ತು. ಮೂವತ್ತೇಳನೇ ಅಧ್ಯಾಯದ ಕೊನೆಯಲ್ಲಿ ಅವನನ್ನು ಸಮುದ್ರಕ್ಕೆ ತಳ್ಳಿ ಅವಳು ಪುಸ್ತಕ ಮುಚ್ಚಬೇಕಾಯಿತು.

ಸಂಜೆ ಮನೆಯ ತಾರಸಿಯಲ್ಲಿ ಒಣಗಿದ ಬಟ್ಟೆ ಮಡಿಸುತ್ತ ನಾದಿನಿಯ ಮುಂದೆ ಎಲ್ಲವನ್ನೂ ತೋಡಿಕೊಂಡಳು. ಕಂಪನಿಯೊಂದರಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ನಾದಿನಿಯದು.

"ಹದಿನಾಲ್ಕು ಅಂತ ಹೇಳಿದ್ದು ಯಾರು ಅತ್ತಿಗೆ? ಪುಟದ ಕೆಳಗಿರೋ ಕೌಂಟರ್ ತಾನೆ?"

"ಹೂಂ. ಯಾಕೆ?"

"ಅದು ಪುಟ ತೆರೆದೋರನ್ನ ಮಾತ್ರ ಎಣಿಸತ್ತೆ. ಫೋನಿನ ಆ್ಯಪಲ್ಲಿ ಕೇಳೋರು ಪುಟಕ್ಕೆ ಬರೋದೇ ಇಲ್ಲ, ನೇರವಾಗಿ ನಿಮ್ಮ ಧ್ವನಿ ಫೈಲನ್ನೇ ತಗೋತಾರೆ. ಮುಂಬಾಗಿಲಲ್ಲಿ ಕಾವಲು ಕೂತೋನಿಗೆ ಹಿತ್ತಲಲ್ಲಿ ಬಂದೋರು ಕಾಣ್ತಾರಾ? ಸರ್ವರ್ ಲಾಗ್ ಕೇಳಿ, ಸರ್ವರ್ ತಾನೇ ಬರೆದಿಡೋ ದಿನಚರಿ ಅದು. ಬಾಗಿಲು ಯಾವುದಾದ್ರೂ ಅದರಲ್ಲಿ ಬರೆದಿರತ್ತೆ."

ಮರುದಿನ ಕಾರ್ಯದರ್ಶಿ ಆ ಕಡತವನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟು ಮೂಗು ಮುರಿದರು. "ತಗೊಳ್ಳಿ. ಕಬ್ಬಿಣದ ಕಡಲೆ. ಹಲ್ಲು ಹುಷಾರು."

ಸಂಜೆ ಮನೆಯಲ್ಲಿ ತೆರೆದರೆ ಪರದೆಯ ತುಂಬ ಇರುವೆ ಸಾಲು. ನಾದಿನಿ ಒಂದೇ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಇಡೀ ಕಡತ ಬಿಡಿ, ಇದೊಂದನ್ನ ಓದಿ. ಮೊದಲನೇದು ಕೇಳಿದ ಫೋನಿಂದೋ ಕಂಪ್ಯೂಟರಿಂದೋ ವಿಳಾಸ. ಆಮೇಲೆ ದಿನ, ಗಂಟೆ, ಸೆಕೆಂಡು. ಆಮೇಲೆ ಏನು ಕೇಳಿದ್ರು ಅನ್ನೋದು, ಇಲ್ಲಿ ನಿಮ್ಮ ಐದನೇ ಅಧ್ಯಾಯ. ಈ ಮೂರಂಕಿ ಸರ್ವರ್ ಕೊಟ್ಟ ಉತ್ತರ: ಇನ್ನೂರು ಅಂದ್ರೆ ಪೂರ್ತಿ ಕೊಟ್ಟೆ, ಇನ್ನೂರಾರು ಅಂದ್ರೆ ಒಂದು ತುಂಡು ಕೊಟ್ಟೆ, ನಾನೂರ ನಾಲ್ಕು ಅಂದ್ರೆ ನನ್ನ ಹತ್ರ ಇಲ್ಲ. ಕೊನೇಲಿ ಯಾವ ಆ್ಯಪಿಂದ ಕೇಳಿದ್ರು ಅಂತ. ಹೆಸರು ಮಾತ್ರ ಎಲ್ಲೂ ಇರಲ್ಲ."

ಒಂದೇ ತಿಂಗಳಿನ ಒಟ್ಟು ಸಾಲುಗಳು ಎಂಬತ್ತೆರಡು ಸಾವಿರ! ಓದುವಕ್ಕ ಕುಣಿದಾಡಿಬಿಟ್ಟಳು.

"ಕೂಸು ಹುಟ್ಟೋಕ್ಮುಂಚೆ ಕುಲಾವಿ ಹೊಲೀಬೇಡಿ ಅತ್ತಿಗೆ. ಇದರಲ್ಲಿ ಮುಕ್ಕಾಲು ಪಾಲು ಯಂತ್ರಗಳು. ಇಂಟರ್ನೆಟ್ಟಲ್ಲಿ ಹುಡುಕಿಕೊಡೋ ಕಂಪನಿಗಳು ಕಳಿಸೋವು. ಅವಕ್ಕೆ ಕಿವಿ ಇಲ್ಲ."

ಓದುವಕ್ಕನ ಮುಖ ಬಾಡಿತು. ಎಂಬತ್ತೆರಡು ಸಾವಿರ ಎಂದು ಸಮಿತಿಯ ಮುಂದೆ ಹೇಳಿಬಿಟ್ಟರೆ ಯಾರು ತಾನೇ ಪರೀಕ್ಷಿಸುತ್ತಾರೆ? ಆ ಯೋಚನೆ ಬಂತು, ಹೋಯಿತು. "ಜೊಳ್ಳು ತೂರೋದು ಹೇಗೆ ಅಂತ ಹೇಳಿಕೊಡು," ಎಂದಳು.

ಬುಧವಾರ, ಗುರುವಾರ ಎರಡೂ ದಿನ ಅದೇ ಕೆಲಸ. ಯಂತ್ರಗಳನ್ನು ಕಿತ್ತುಹಾಕಿದಳು. ತನ್ನದೂ ಕಾರ್ಯದರ್ಶಿಯದೂ ವಿಳಾಸ ತೆಗೆದಳು. ಒಂದೇ ಅಧ್ಯಾಯ ತುಂಡುತುಂಡಾಗಿ ಹೋಗುವುದರಿಂದ ಸಾಲು ಬಿಟ್ಟು ವಿಳಾಸಗಳನ್ನು ಎಣಿಸಿದಳು. ತೂರಿ ಉಳಿದ ಕಾಳು ಆರುನೂರ ನಲವತ್ತು ವಿಳಾಸ. ಅವುಗಳಲ್ಲಿ ಒಂದು, ದಿನಾ ಬೆಳಿಗ್ಗೆ ಆರೂಕಾಲಕ್ಕೆ ಅರ್ಧ ಅಧ್ಯಾಯ ತೆಗೆದುಕೊಂಡು ಸಂಜೆ ಉಳಿದರ್ಧಕ್ಕೆ ಬರುತ್ತಿತ್ತು. ಯಾರೋ ಏನೋ. ಬಸ್ಸಿನಲ್ಲಿ ಕೇಳುವವರಿರಬೇಕು ಎಂದುಕೊಂಡಳು. ಹನ್ನೊಂದು ವರ್ಷ ಕಂಬಳಿ ಗೋಡೆಗೆ ಓದಿದ್ದವಳು ಆ ವಿಳಾಸವನ್ನು ಬೇರೆ ಕಾಗದದಲ್ಲಿ ಬರೆದಿಟ್ಟುಕೊಂಡಳು.

ಆಮೇಲೆ ಅವಳ ಕಣ್ಣು ನಾನೂರ ನಾಲ್ಕರ ಮೇಲೆ ಬಿತ್ತು. ಮಂಗಳವಾರದಿಂದ ಈಚೆಗಿನ ಸಾಲುಗಳನ್ನೂ ಗುರುವಾರ ಬೆಳಿಗ್ಗೆಯೇ ತರಿಸಿಕೊಂಡಿದ್ದಳು. ಅಲ್ಲಿ ಒಂದೇ ಬೇಡಿಕೆ, ಬೇರೆಬೇರೆ ವಿಳಾಸಗಳಿಂದ, ಮತ್ತೆ ಮತ್ತೆ.

"ಏ, ಇಲ್ಲಿ ಬಾರೇ! ಇದೇನಿದು?"

ನಾದಿನಿ ಬಗ್ಗಿ ನೋಡಿ ನಕ್ಕಳು. "ಆ್ಯಪಲ್ಲಿ 'ಮುಂದಿನ ಅಧ್ಯಾಯ' ಅಂತ ಒತ್ತಿದ್ದಾರೆ ಅತ್ತಿಗೆ. ಮೂವತ್ತೆಂಟನೇದು ಕೊಡಿ ಅಂತಿದಾರೆ."

ಶುಕ್ರವಾರ ಸಮಿತಿಯ ಉದ್ದ ಮೇಜಿನ ಸುತ್ತ ಏಳು ಜನ. ಓದುವಕ್ಕ ಕಾಗದ ಹಿಡಿದು ಎದ್ದು ನಿಂತಳು. ಮೊದಲು ಜೊಳ್ಳಿನ ಲೆಕ್ಕ ಹೇಳಿದಳು, ಆಮೇಲೆ ಕಾಳಿನದು. ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇನ್ನು ಈ ವಾರದ್ದು ಕೇಳಿ," ಎಂದು ಅವಳು ಓದತೊಡಗಿದಳು. ಕಥೆ ಓದುವ ಅದೇ ದನಿಯಲ್ಲಿ. "ಮಂಗಳವಾರ, ಆರೂ ಹದಿನೈದು. ಮೂವತ್ತೆಂಟು ಕೊಡಿ. ಇಲ್ಲ. ಆರೂ ನಲವತ್ತು. ಮೂವತ್ತೆಂಟು ಕೊಡಿ. ಇಲ್ಲ. ಏಳೂ ಎರಡು. ಮೂವತ್ತೆಂಟು ಕೊಡಿ. ಇಲ್ಲ..."

ಹತ್ತು ಸಾಲು ಓದಿ ನಿಲ್ಲಿಸಿದಳು. "ಇಂಥವು ಮುನ್ನೂರ ಹದಿನೇಳಿವೆ," ಎಂದು ಅವಳು ಕಾಗದ ಮೇಜಿನ ಮೇಲಿಟ್ಟಳು. "ನಾವು ಇಲ್ಲ ಅಂದ್ರೂ ಮತ್ತೆ ಬಂದು ಕೇಳಿದೋರು ಇವರೆಲ್ಲ."

ಕಾರ್ಯದರ್ಶಿ ಕಾಗದ ಎಳೆದುಕೊಂಡು ತಾವೇ ಒಂದೊಂದು ಸಾಲಿನ ಮೇಲೂ ಬೆರಳಾಡಿಸಿದರು. "ತಪ್ಪು ನಂದೇ. ಮಿಷನ್ನು ಮೊಗಸಾಲೇಲಿ ಇಟ್ಟರಾಯ್ತು," ಎಂದರು.

ಅಧ್ಯಕ್ಷರು ಕೆಮ್ಮಿದರು. "ಅದು ಹಾಗಿರ್ಲಿ. ಆ ಕ್ಯಾಪ್ಟನ್ ಬದುಕ್ತಾನೋ ಇಲ್ವೋ?"

"ನೀವೂ ಸಾಲಲ್ಲಿ ಬನ್ನಿ ಸಾರ್," ಎಂದಳು ಓದುವಕ್ಕ. ಇಡೀ ಮೇಜು ನಕ್ಕಿತು.

ಕೋಣೆ ಉಳಿಯಿತು, ಸದ್ದು ಮಾಡದ ಫ್ಯಾನೂ ಮಂಜೂರಾಯಿತು. ಶನಿವಾರ ಅವಳು ಮೂವತ್ತೆಂಟನೇ ಅಧ್ಯಾಯವನ್ನು ಒಂದೇ ಉಸಿರಿಗೆ ಓದಿ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ಫೈಲ್ ಏರಿಸಿ, ಲಾಗ್ ತೆರೆದು ಕೂತಳು. ಐದು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಸಾಲು ಮೂಡಿತು: ಮೂವತ್ತೆಂಟು, ಇನ್ನೂರಾರು. ಇನ್ನೊಂದು. ಅದರ ಹಿಂದೆ ಮತ್ತೆರಡು. ನೋಡನೋಡುತ್ತಿದ್ದಂತೆ ಪರದೆಯ ಸಾಲುಗಳು ಅವಳು ಓದುವುದಕ್ಕಿಂತ ವೇಗವಾಗಿ ಮೇಲೇರತೊಡಗಿದವು. ಓದುವಕ್ಕ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಮೆಟ್ಟಿಲ ಬುಡದಲ್ಲಿ ನಿಂತು, ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದಳು:

"ಬಂದ್ರು! ಎಲ್ಲಾರೂ ಬಂದ್ರು!"