ಬಾಗಿಲು ಮುಂದೆ ಮಾಡುವ ಮೊದಲು

ಅಗುಳಿ ಗೋಡೆಗೆ ಓರೆಯಾಗಿ ಒರಗಿದೆ, ಅದರ ನೆರಳು ಅದಕ್ಕಿಂತ ಓರೆ, ಮೂರು ಗಂಟೆಯ ಬಿಸಿಲು ಹೊಸ್ತಿಲು ದಾಟಿ ಅವರೆಕಾಳಿನ ಪಾತ್ರೆಯವರೆಗೂ ಬಂದಿದೆ — ಹಿತಕಿದರೆ ಕಾಳು ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ, ಲ್ಯಾಪ್‌ಟಾಪಿನ ಕೀಲಿಗಳಿಗೂ ಸೊಗಡು ಹತ್ತಿರಬೇಕು, ಹತ್ತಲಿ, ನಾಲ್ಕು ಗಂಟೆಯೊಳಗೆ ತೆಗೆದುಬಿಡಿ ಮೇಡಂ ಎಂದಿದ್ದಾರೆ ಕೃಷ್ಣಕುಮಾರ್, ಮೈಸೂರಿನ ಆಫೀಸಿನಲ್ಲಿ ಕೂತ ನಮ್ಮ ಟೀಮ್ ಲೀಡರು, ಕನ್ನಡದ ಕಮಾಂಡ್‌ಗಳನ್ನೆಲ್ಲ ತೆಗೆದು ಇಂಗ್ಲಿಷಿನವನ್ನು ಹಾಕಿ, ಇಲ್ಲ ಅಂದ್ರೆ ನಾಳೆಯಿಂದ ಅದನ್ನ ದೀಪಕ್ ನೋಡ್ಕೊಳ್ತಾನೆ, ನೀವು ನಂಜನಗೂಡಲ್ಲಿ ಮನೇಲಿರೋರು, ಆರಾಮಾಗಿ ಟೆಸ್ಟಿಂಗ್ ಮಾಡ್ಕೊಂಡಿರಿ. ಆರಾಮಾಗಿ. ಬೆಳಗ್ಗೆ ಐದಕ್ಕೆದ್ದು ನೀರು ಕಾಯಿಸಿ, ಮಗಳು ಅರ್ಪಿತಳ ಜಡೆ ಹೆಣೆದು, ಒಂದು ಕೈಯಲ್ಲಿ ಅವಳ ಬಾಯಿಗೆ ಉಪ್ಪಿಟ್ಟು ಇಡುತ್ತ ಇನ್ನೊಂದು ಕೈಯಲ್ಲಿ ಒಂದೊಂದೇ ಸಾಲು ಬರೆದು ಕಟ್ಟಿದ್ದು ಅದು, ತೆಗೆಯುವುದಿಲ್ಲ, ನಾಲ್ಕಾಗಲಿ ಐದಾಗಲಿ, ತೆಗೆಯುವುದಿಲ್ಲ. ಏನು ಮಹಾ ಮಾಡಿದ್ದೆ, ಸೇತುವೆ ಹಾಕಿದ್ದೆ, ಈ ಕಡೆ ನಮ್ಮ ಟೀಮೂ ಸ್ಕೂಲ್ ಬಸ್ಸಿನವರೂ ಮಾತಾಡುವ ಚಾಟ್ ಗುಂಪು, ಆ ಕಡೆ ನಮ್ಮ ಬಸ್ ಆ್ಯಪಿನ ಕೋಡೆಲ್ಲ ಕೂತಿರುವ ಜಾಗ, ಗುಂಪಿನಲ್ಲಿ ಒಂದು ಓರೆಗೆರೆ, ಸ್ಲ್ಯಾಶ್, ಎಳೆದು ತೊಂದರೆ ಎಂದು ಬರೆದರೆ ಸಾಕು, ಅಲ್ಲಿ ಟಿಕೆಟ್, ಸರಿಪಡಿಸಬೇಕಾದ ಕೆಲಸದ ಚೀಟಿ, ಎದ್ದು ನಿಲ್ಲುತ್ತದೆ. ಅದಕ್ಕೆ ಮೊದಲು ನರಸೀಪುರದ ಬಸ್ಸಿನ ಆಯಾ ಪಾಪಮ್ಮ ಹೇಳಿದ್ದೆಲ್ಲ ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಹೂತುಹೋಗುತ್ತಿತ್ತು, ಟಿಕೆಟ್ ಓಪನ್ ಮಾಡಿ ಪಾಪಮ್ಮ ಎಂದು ನಮ್ಮ ಟೀಮಿನ ದೀಪಕ್ ಒಮ್ಮೆ ಹೇಳಿದ್ದಕ್ಕೆ, ಅಯ್ ನಮ್ದು ಸ್ಕೂಲ್ ಬಸ್ಸು ಕಣಪ್ಪ, ಇಲ್ಲೆಲ್ ಬಂದದು ಟಿಕೇಟು — ಎಲ್ಲರೂ ನಕ್ಕಿದ್ದರು, ನಾನೂ ನಕ್ಕಿದ್ದೆ, ಆಮೇಲೆ ನಾಚಿಕೆಯಾಗಿತ್ತು, ತಪ್ಪು ಅವಳದೇ? ಮೂವತ್ತು ಮಕ್ಕಳನ್ನು ಹೆಸರು ಹಿಡಿದು ಇಳಿಸುವವಳಿಗೆ ನಮ್ಮ ಬಾಗಿಲಲ್ಲಿ ಇಂಗ್ಲಿಷ್ ಬೋರ್ಡು.

ಸೋಮವಾರ ಅವಳೇ ಬರೆದದ್ದು, ಓರೆಗೆರೆ ತೊಂದರೆ, ಮಗ ಬಸ್ಸಲ್ಲೇ ಕುಂತದೆ, ಇಳೀತು ಅಂತ ಅವ್ರವ್ವನ್ ಫೋನ್ಗೆ ಮೆಸೇಜು ಬಂದ್ಬುಟ್ಟದೆ, ಅವ್ವ ತಲಕಾಡ್ ರೋಡಲ್ಲಿ ಬಾಯ್ ಬಡ್ಕಂಡು ಓಡ್ತಾವ್ಳೆ. ಇದು ಮೊದಲು ಆಗಬೇಕಾದ ಕೆಲಸ, ಮುಂದಕ್ಕೆ ತರೋಣ ಎಂದು ದೀಪಕ್ ಒತ್ತಿದ್ದು ಓರೆಗೆರೆ ಮುಂದೆಮಾಡು — ಟಿಕೆಟ್ ಮುಚ್ಚಿಹೋಯಿತು. ಎರಡು ದಿನ ಯಾರಿಗೂ ಕಾಣಲಿಲ್ಲ. ಬುಧವಾರ ಇನ್ನೊಬ್ಬ ತಾಯಿ ಓಡಿದಳು. ಎರಡು ಸಲವೂ ಹತ್ತು ನಿಮಿಷಕ್ಕೆ ಬಸ್ಸು ಬಂತು, ಮಗು ಬಂತು, ಏನೂ ಆಗಲಿಲ್ಲವಲ್ಲ ಎಂದರು ಆಫೀಸಿನಲ್ಲಿ, ಆ ಹತ್ತು ನಿಮಿಷ ಹೇಗಿರುತ್ತದೆಂದು ಯಾರೂ ಕೇಳಲಿಲ್ಲ. ಪದ ನನ್ನದು, ಒಪ್ಪುತ್ತೇನೆ, ಈ ಮನೆಯಲ್ಲಿ ಬಾಗಿಲು ಮುಚ್ಚು ಎನ್ನುವಂತಿಲ್ಲ, ಬಂದ ಹೊಸದರಲ್ಲಿ ಅಂದಿದ್ದೆ, ಅತ್ತೆ ಎರಡು ಕೈಯನ್ನೂ ಬಾಗಿಲಿಗೆ ಅಡ್ಡ ಇಟ್ಟು, ಮುಚ್ಚು ಅನ್ಬ್ಯಾಡ ಕಣವ್ವ, ಬಾಳೋ ಮನೆ, ಮುಂದ್ಮಾಡು ಅನ್ನು — ಅದೇ ನಾಲಿಗೆಗೆ ಕೂತು, ಬೆರಳಿಗೂ ಇಳಿದು, ಟಿಕೆಟ್ ಮುಚ್ಚುವ ಕಮಾಂಡಿಗೆ ಅದೇ ಹೆಸರಿಟ್ಟೆ, ದೀಪಕ್ ಬೆಂಗಳೂರಿನಲ್ಲಿ ಬೆಳೆದವನು, ಮುಂದೆ ಅಂದ್ರೆ ಫಾರ್ವರ್ಡ್ ಅಲ್ವಾ ಮೇಡಂ, ಇದ್ರಲ್ಲಿ ಬಾಗಿಲು ಎಲ್ಲಿಂದ ಬಂತು, ಅವನು ಕೇಳಿದ್ದೂ ಸರಿಯೇ. ಆದರೆ ಒಂದು ಪದ ಎಡವಿತೆಂದು ಭಾಷೆಯನ್ನೇ ಹೊರಗೆ ಹಾಕುತ್ತಾರೆಯೇ, ಕ್ಲೋಸ್ ಎಂದು ಬರೆದರೆ ದೀಪಕ್ ಎಡವುವುದಿಲ್ಲ, ಪಾಪಮ್ಮ ಒಳಗೇ ಬರುವುದಿಲ್ಲ, ಅವಳು ಬರೆಯದಿದ್ದರೆ ಟಿಕೆಟ್ಟೇ ಇಲ್ಲ, ತೊಂದರೆಯೇ ಇಲ್ಲ, ಎಲ್ಲ ಆರಾಮ. ನಡುಮನೆಯಲ್ಲಿ ಮಲಗಿದ್ದ ಅತ್ತೆ ಮಗ್ಗುಲು ಬದಲಿಸಿ, ಸರ್ವಮಂಗಳಾ, ಬಿಸ್ಲು ಕಣ್ಗೇ ಬತ್ತದೆ, ಬಾಗ್ಲು ಮುಂದ್ಮಾಡವ್ವ, ನಾನು ಕಾಳಿನ ಕೈ ಒರೆಸಿಕೊಂಡು ಏಳುತ್ತೇನೆ, ಕದಕ್ಕೆ ಕೈ ತಾಗಿದೆ, ಅಷ್ಟರಲ್ಲಿ — ತಡಿ, ಕೂಸು ಬಂದ್ಲಾ? ಇಲ್ಲ ಅತ್ತೆ, ಮೂರೂಮುಕ್ಕಾಲಿಗೆ ಬಸ್ಸು. ಹಂಗಾರೆ ಬ್ಯಾಡ, ಬಿಡು, ಎಲ್ಲಾರೂ ಬಂದ್ ಮ್ಯಾಲೆ. ದಿನವೂ ಕೇಳುತ್ತಾರೆ, ಹನ್ನೊಂದು ವರ್ಷದಿಂದ ಕೇಳುತ್ತಾರೆ, ಎಲ್ಲಾರೂ ಬಂದ್ರಾ, ಎಣಿಸಿ ಹೇಳಬೇಕು, ಆಮೇಲೆಯೇ ಆ ಅಗುಳಿ ಗೋಡೆಯಿಂದ ಎದ್ದು ಅಡ್ಡ ಬೀಳುವುದು, ಅತ್ತೆಯ ಪದ ಕದ್ದು ತಂದೆ, ಪ್ರಶ್ನೆಯನ್ನು ಮನೆಯಲ್ಲೇ ಬಿಟ್ಟು ಬಂದೆ.

ಹನ್ನೊಂದು ಸಾಲು, ಅಷ್ಟೇ, ಸಿಪ್ಪೆ ಅಂಟಿದ ಬೆರಳಲ್ಲೇ, ಯಾರು ಬೇಕಾದರೂ ಓರೆಗೆರೆ ಎಳೆದು ಬಾಗಿಲು ಮುಂದೆಮಾಡು ಎನ್ನಲಿ, ಬಾಗಿಲು ಎಂಬ ಮಾತನ್ನೂ ಸೇರಿಸಿದ್ದೇನೆ, ದೀಪಕನಿಗಾಗಿ, ಆದರೆ ತೊಂದರೆ ಹೇಳಿದವರಿಗೆ ಮೊದಲು ಪ್ರಶ್ನೆ ಹೋಗುತ್ತದೆ, ಎಲ್ಲರೂ ಬಂದರೇ? ಬಂದರು ಎಂದು ಅವರು ಬರೆಯುವವರೆಗೆ ಟಿಕೆಟ್ ಮುಚ್ಚದು. ಗುಂಪಿಗೆ ಹಾಕಿದೆ, ಕನ್ನಡ ತೆಗೆದಿಲ್ಲ ಸರ್, ತೆಗೆಯುವುದೂ ಇಲ್ಲ, ಇದನ್ನು ನೋಡಿ. ಗಡಿಯಾರ ಮೂರೂವರೆ ದಾಟಿದೆ, ದಾಟಲಿ, ನಾಳೆ ಕೆಲಸ ಹೋದರೂ ಬರೆದದ್ದು ಬರೆದದ್ದೇ. ಕೃಷ್ಣಕುಮಾರ್ ಮತ್ತೆ ತೆರೆದಿಟ್ಟಿದ್ದ ಸೋಮವಾರದ ಟಿಕೆಟ್ಟಿನ ಮೇಲೆಯೇ ಒತ್ತಿದರು, ದೀಪಕ್ ಮಧ್ಯಾಹ್ನವೇ ಸರಿ ಮಾಡಿದ್ದಾನೆ ಮೇಡಂ, ಇದು ಮುಗಿದ ಕಥೆ, ಏನಿದು, ಲೀಡರ್ ನಾನು, ನನ್ನನ್ನೂ ನಿಲ್ಲಿಸುತ್ತಾ ಇದು? ನಿಮ್ಮನ್ನೂ ಸರ್. ಪಾಪಮ್ಮ ಬರೆಯುತ್ತಿದ್ದಾಳೆ, ಚುಕ್ಕಿಗಳು ಏಳುತ್ತವೆ ಬೀಳುತ್ತವೆ, ಬಸ್ಸಿನ ಕುಲುಕಾಟದಲ್ಲಿ ಅವಳು ಒಂದೊಂದೇ ಅಕ್ಷರ ಹುಡುಕುತ್ತಿರಬೇಕು, ಮೈಸೂರಿನ ಏಸಿಯಲ್ಲಿ ಅವರು ಕಾಯುತ್ತಿದ್ದಾರೆ, ಕಾಯಲಿ — ತಡೀರಿ ಸಾ, ಇನ್ನೂ ನಾಕ್ ಮಕ್ಳು ಅವ್ರೆ, ಇಳುಸ್ಬುಟ್ಟು ಯೋಳ್ತೀನಿ. ನನಗೆ ನಗು ಬರುತ್ತದೆ, ಜೋರಾಗಿಯೇ ನಗುತ್ತೇನೆ, ಕೃಷ್ಣಕುಮಾರ್ ಬರೆಯುತ್ತಾರೆ, ಅವರ ಮಾತು ಬಿಡಿ ಮೇಡಂ, ಕೋಡ್ ಸರಿಯಾಗಿದೆ, ನೀವೇ ಮುಚ್ಚಿಬಿಡಿ — ಫೋನು ಗುಂಯ್ಯೆನ್ನುತ್ತದೆ, ನಮ್ಮದೇ ಆ್ಯಪು, ನಾವೇ ಬರೆದ ಸಾಲು, ನಿಮ್ಮ ಮಗು ಅರ್ಪಿತ ಬಸ್ಸಿನಿಂದ ಇಳಿದಿದ್ದಾಳೆ. ಹಾರ್ನ್ ಕೇಳಲಿಲ್ಲವಲ್ಲ. ಎದ್ದೆ, ಕಾಳು ಚೆಲ್ಲಿತು, ಬೀದಿಯ ಈ ತುದಿಯಿಂದ ಆ ತುದಿಗೆ ಬಿಸಿಲು, ಬಸ್ಸಿಲ್ಲ, ಬ್ಯಾಗಿಲ್ಲ, ಕೆಂಪು ರಿಬ್ಬನ್ನಿಲ್ಲ, ಹತ್ತು ನಿಮಿಷ, ಹತ್ತೇ ನಿಮಿಷ, ಗೊತ್ತು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಒಳಗಿಂದ ಅತ್ತೆ, ಬಂದ್ಲಾ? ಮುಚ್ಚುವುದಿಲ್ಲ ಸರ್, ಮುಚ್ಚುವುದಿಲ್ಲ, ಬೆರಳು ಓರೆಗೆರೆಯ ಮೇಲಿದೆ, ತೊಂದರೆ ಎಂದು ಬರೆಯಬೇಕು, ಮುಂದಿನ ಅಕ್ಷರ ಬರುತ್ತಿಲ್ಲ, ಬಂದ್ಲಾ, ಹೊಸ್ತಿಲ ಮೇಲೆ ಯಾರೂ ಇಲ್ಲ, ಅಗುಳಿ, ಗೋಡೆಗೆ ಓರೆಯಾಗಿ, ಅಗುಳಿ