ಬೊಗಸೆ ನೀರಿನ ತೀರ್ಪು

ಒಂದು ಊರು. ಹೆಸರು ಹೇಳಿದರೆ ಅಲ್ಲಿಯವರಿಗೆ ಸಿಟ್ಟು ಬರುತ್ತದೆ, ಬೇಡ ಬಿಡಿ. ಊರಿಗೆ ಆಚೆ ದಡ ಕಾಣದಷ್ಟು ದೊಡ್ಡ ಸಿಹಿನೀರಿನ ಕೆರೆಯಿತ್ತು. ಚಾವಡಿಯಲ್ಲಿ ಯಾವ ತೀರ್ಪಾದರೂ ಕೊನೆಗೆ ಎಲ್ಲರೂ ಆ ಕೆರೆಯ ಒಂದು ಬೊಗಸೆ ನೀರು ಕುಡಿಯಬೇಕು. ಒಬ್ಬರು ಕುಡಿಯದಿದ್ದರೂ ತೀರ್ಪು ಬಿದ್ದುಹೋಗುತ್ತದೆ. ಎಲ್ಲರೂ ಕುಡಿದರೋ, ಆ ಮಾತನ್ನು ಮತ್ತೆ ಯಾರೂ ಎತ್ತುವ ಹಾಗಿಲ್ಲ.

ಕೆರೆಯ ತಳದಲ್ಲಿ ಅಜ್ಜಂದಿರ ಕಾಲದ ಒಂದು ಎಣ್ಣೆಯ ಕೊಳವೆ ಮಲಗಿತ್ತು. ಅದರಲ್ಲಿ ಹರಿಯುವ ಎಣ್ಣೆ ದೂರದ ಪಟ್ಟಣಗಳಿಗೆ ಹೋಗುತ್ತಿತ್ತು. ಅದರ ಒಡೆಯನನ್ನು ಜನ ಧಣಿ ಎನ್ನುತ್ತಿದ್ದರು. ಅವನು ಬೇರೆ ಊರಿನವನು.

ಮೀನು ಹಿಡಿಯುವ ದ್ಯಾವಮ್ಮ ಒಂದು ದಿನ ತನ್ನ ಬಲೆ ತಂದು ಚಾವಡಿಯ ಮುಂದೆ ಒಗೆದಳು. ಬಲೆ ಕರ್ರಗೆ ಜಿಡ್ಡುಗಟ್ಟಿತ್ತು.

"ನೋಡ್ರಪ್ಪಾ, ಕೊಳವೆ ಸೋರ್ತಾ ಐತೆ. ನನ್ನ ಮೀನನ್ನ ನಾಯೀನೂ ಮೂಸಲ್ಲ. ಅದನ್ನ ಮುಚ್ಚಿಸಿ, ಇಲ್ಲಾಂದ್ರೆ ನಾನು ಮಣ್ಣು ತಿನ್ಬೇಕಾಯ್ತದೆ."

ಧಣಿ ಓಡೋಡಿ ಬಂದು ಕೈಮುಗಿದ. "ತಾಯೀ, ನಿನ್ನ ಮಾತು ನೂರಕ್ಕೆ ನೂರು ನಿಜ. ಕೆರೆಯ ಅಡಿಗೆ ಬಂಡೆ ಕೊರೆದು ಸುರಂಗ ಮಾಡಿ, ಅದರೊಳಗೆ ಹೊಸ ಕೊಳವೆ ಹಾಕುತ್ತೇನೆ. ಊರು ಒಪ್ಪಿದರೆ ಮಾತ್ರ."

ಅಷ್ಟೇ ಸಾಕಾಯಿತು. ಊರು ಬೇಕು ಅನ್ನುವವರು, ಬೇಡ ಅನ್ನುವವರು ಎಂದು ಎರಡಾಯಿತು. ಸುರಂಗ ಬಂದರೆ ಮಕ್ಕಳಿಗೆ ಕೆಲಸ ಎಂದು ಇವರು, ಬಂಡೆ ಸಿಡಿದರೆ ಕೆರೆಯೇ ಪಾತಾಳ ಸೇರುತ್ತದೆ ಎಂದು ಅವರು. ಬೀಗರು ಬೀಗರ ಮನೆ ಹೊಸಿಲು ತುಳಿಯದಾದರು. ಧಣಿ ಎರಡು ಕಡೆಯವರಿಗೂ ಚಾಪೆ ಹಾಸಿಸಿ ಕಾಫಿ ಕೊಡಿಸಿದ. ಎಂಥ ಉದಾರಿ ನೋಡಿ! ಹೀಗೇ ಮಳೆಗಾಲಗಳು ಕಳೆದವು, ಕೊಳವೆ ಸೋರುತ್ತಲೇ ಇತ್ತು.

"ಅಲ್ರಪ್ಪಾ, ಹಳೇ ಕೊಳವೆ ಕತೆ ಏನು?" ಎಂದು ದ್ಯಾವಮ್ಮ ಆಗಾಗ ಎದ್ದು ಕೇಳುತ್ತಿದ್ದಳು.

"ಸುರಂಗ ಆಗ್ಲಿ, ಅದು ತಾನಾಗೇ ಮುಚ್ಚುತ್ತೆ" ಎಂದರು ಬೇಕಿನವರು.

"ಮೊದ್ಲು ಸುರಂಗ ನಿಲ್ಲಲಿ, ಅಕ್ಕ. ಈಗ ಹಳೇದರ ಮಾತೆತ್ತಿದ್ರೆ, ಹಾಗಾದ್ರೆ ಹೊಸದು ಬೇಕಲ್ಲ ಅಂತಾರೆ" ಎಂದು ಬೇಡದವರು ಪಿಸುಗುಟ್ಟಿದರು.

ಅವಳು ಈ ಎರಡನೆಯ ಮಾತನ್ನು ನಂಬಿದಳು. ಎಲ್ಲರಿಗಿಂತ ಜೋರಾಗಿ "ಬೇಡ" ಎಂದು ಕೂಗಿದವಳೂ ಅವಳೇ. ಅಷ್ಟರಲ್ಲಿ ಅವಳ ದಡದ ನೀರು ಬಾಯಿಗಿಡುವ ಹಾಗಿರಲಿಲ್ಲ. ಗುಡ್ಡದಾಚೆಯ ಒರತೆಯಿಂದ ಕೊಡ ಹೊತ್ತು ತಂದು, ಗುಟುಕು ಗುಟುಕಾಗಿ ಕುಡಿದು ದಿನ ದೂಡುತ್ತಿದ್ದಳು.

ಕೊನೆಗೂ ಚಾವಡಿಯಲ್ಲಿ ಕೈ ಎಣಿಸಿದಾಗ ಬೇಡದವರು ಗೆದ್ದರು. ಪಟಾಕಿ ಹಾರಿತು. ದ್ಯಾವಮ್ಮ ಸಂತೋಷಕ್ಕೆ ಅತ್ತೇಬಿಟ್ಟಳು. ಧಣಿ ಎದ್ದು ಶಲ್ಯದಿಂದ ಕಣ್ಣೊರೆಸಿಕೊಂಡ.

"ಜನ ಹೇಳಿದ ಮೇಲೆ ಮುಗಿಯಿತು. ಸುರಂಗ ಇಲ್ಲ. ಹಳೆಯ ಕೊಳವೆ ಎಲ್ಲಿದೆಯೋ ಅಲ್ಲೇ ಇರುತ್ತದೆ."

ಚಪ್ಪಾಳೆಯೋ ಚಪ್ಪಾಳೆ. ಗೆದ್ದವರೇ ಹೋಗಿ ಅವನ ಕೊರಳಿಗೆ ಹಾರ ಹಾಕಿದರು. ದ್ಯಾವಮ್ಮನ ಕೈ ಮಾತ್ರ ಚಪ್ಪಾಳೆಯ ನಡುವೆಯೇ ನಿಂತಿತು.

ಕೆರೆಯ ನೀರಿನ ಕೊಡ ಬಂತು. ನೀರಿನ ಮೇಲೆ ಬಣ್ಣಬಣ್ಣದ ಪೊರೆ ತೇಲುತ್ತಿತ್ತು.

"ಹಿರಿಯರು ನೀವು, ಮೊದಲು ಕುಡಿಯಿರಿ" ಎಂದು ಗೆದ್ದವರು ಊರಿನ ಪಟೇಲರಿಗೆ ಹೇಳಿದರು.

"ಛೇ ಛೇ, ಗೆದ್ದವರು ನೀವಲ್ಲವೇ" ಎಂದರು ಪಟೇಲರು.

ದ್ಯಾವಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. "ಕುಡೀರಿ ಮತ್ತೆ! ಯಾಕೆ, ಮೂಗು ಮುಚ್ಕೊಂಡ್ರಲ್ಲ? ಈಗಲಾದ್ರೂ ಗೊತ್ತಾಯ್ತಾ?"

ಧಣಿ ಮೆಲ್ಲಗೆ ಕೆಮ್ಮಿದ. "ನನ್ನ ಗಾಡಿಯಲ್ಲಿ ನಮ್ಮೂರಿನ ಬಾವಿ ನೀರಿದೆ. ನಿಮ್ಮ ಪದ್ಧತಿಯಲ್ಲಿ ಕೈಹಾಕಲು ನಾನು ಯಾರು? ಆದರೂ, ನೀವು ಒಪ್ಪುವುದಾದರೆ..."

ಬೇಕಿನವರೂ ಬೇಡದವರೂ ಒಟ್ಟಿಗೆ ಕೈ ಎತ್ತಿದರು. ಅಷ್ಟು ವರ್ಷಗಳಲ್ಲಿ ಅವರು ಒಪ್ಪಿದ್ದು ಅದೊಂದನ್ನೇ.

ಗಾಡಿಯ ನೀರು ಎಲ್ಲರನ್ನೂ ದಾಟಿ ಕೊನೆಗೆ ದ್ಯಾವಮ್ಮನ ಬಳಿ ಬಂತು.

"ನಾನು ಕುಡಿಯಾಕಿಲ್ಲ" ಎಂದಳು.

"ಯಾಕವ್ವಾ? ಈ ನೀರಿಗೇನಾಗಿದೆ?" ಎಂದು ಪಟೇಲರು ನಿಜವಾದ ಅಚ್ಚರಿಯಿಂದ ಕೇಳಿ, ತಾವೇ ಅವಳ ಬೊಗಸೆಗೆ ಸುರಿದರು.

ಅವಳು ನೀರನ್ನು ನೋಡಿದಳು. ಅಂಗೈಯ ಗೆರೆಗಳು ಕಾಣುತ್ತಿದ್ದವು. ಯಾವ ವಾಸನೆಯೂ ಇರಲಿಲ್ಲ. ಬೆಳಗಿನಿಂದ ಕೂಗಿ ಕೂಗಿ ಗಂಟಲು ಒಣಗಿತ್ತು. ಚೆಲ್ಲಬೇಕೆಂದೇ ಅವಳು ಕೈ ಎತ್ತಿದ್ದು.

"ಏನೇ ಹೇಳಿ, ನಮ್ಮ ಕೆರೆ ನೀರಿನ ರುಚಿಯೇ ರುಚಿ" ಎಂದು ಪಕ್ಕದಲ್ಲಿ ಒಬ್ಬ ಮುದುಕ ಮೀಸೆ ಒರೆಸಿಕೊಂಡ.

ದ್ಯಾವಮ್ಮ ಒಂದೇ ಉಸಿರಿಗೆ ಕುಡಿದಿದ್ದಳು. ಕಣ್ಣಲ್ಲಿ ನೀರು ತುಂಬಿಕೊಂಡು ಬರಿದಾದ ಬೊಗಸೆಯನ್ನು ಮತ್ತೆ ಮುಂದೆ ಚಾಚಿದಳು. ಈ ಸಲ ಧಣಿಯೇ ಬಗ್ಗಿ ನೀರು ಸುರಿದ.